ಅಂಬ್ರೋಸನ ಒಂಬತ್ತು

ಫಿಲೊಮೇನಾ, ಊರಿಗೆಲ್ಲ ಮೇನಾ, ಅವತ್ತು ಎದ್ದವಳೇ ನೆಲಮಾಳಿಗೆಗೆ ಇಳಿದಿದ್ದಳು. ಗಂಡ ಅಂಬ್ರೋಸ್ ಮೇಲಿನ ಕೋಣೆಯಲ್ಲಿ ಶಿಳ್ಳೆ ಹಾಕುತ್ತ ಚೀಲ ತುಂಬಿಕೊಳ್ಳುತ್ತಿದ್ದ. ಏಳೂವರೆಗೆ ಜೊತೆಗಾರ ಲಾಂಬರ್ಟ್ ವ್ಯಾನು ತರುತ್ತಾನೆ, ಎಲ್ಲರೂ ಸೇರಿ ತೋಳನ ಕೊರಕಲೆಂಬ ಕಡಿದಾದ ಇಳಿಜಾರಿಗೆ ಹೋಗುತ್ತಾರೆ. ಹಿಂದಿನ ವಾರ ಹಿಮದ ಮೇಲೆ ಮಳೆ ಹೊಯ್ದು ಹೆಪ್ಪುಗಟ್ಟಿತ್ತು. ಆ ಇಳಿಜಾರು ಈಗ ಗಾಜಿನ ಹಾಗಿದೆಯೆಂದು ಊರಿಗೆಲ್ಲ ಗೊತ್ತು. ಗೊತ್ತಿದ್ದೇ ಹೊರಟಿದ್ದರು. ಬರುವ ವರ್ಷ ಪರ್ವತ ರಕ್ಷಣಾ ಪಡೆಯಲ್ಲಿ ಯಾರಿರಬೇಕು, ಯಾರು ಮನೆಯಲ್ಲಿ ಒಲೆ ಕಾಯಬೇಕು ಅನ್ನುವುದು ಅಲ್ಲಿ ಯಾರು ಇಳಿದು ತೋರಿಸುತ್ತಾರೆ ಅನ್ನುವುದರ ಮೇಲೆ ತೀರ್ಮಾನವಾಗುವುದಿತ್ತು.

ಅವಳು ನೆಲಮಾಳಿಗೆಯಲ್ಲಿ ಅವನ ಸ್ಕೀಗಳನ್ನು, ಹಿಮದ ಮೇಲೆ ಜಾರುವ ಆ ಉದ್ದನೆಯ ಹಲಗೆಗಳನ್ನು, ಮೇಜಿನ ಮೇಲೆ ಮಲಗಿಸಿಕೊಂಡು ನಿಂತಿದ್ದಳು. ಬೂಟನ್ನು ಕಚ್ಚಿ ಹಿಡಿಯುವ ಬೈಂಡಿಂಗುಗಳನ್ನು ಅವಕ್ಕೆ ಕೂರಿಸಿದವಳು ಅವಳೇ. ಮದುವೆಗೆ ಮುಂಚೆ ಹನ್ನೊಂದು ವರ್ಷ ಸ್ಕೀ ಕಾರ್ಖಾನೆಯಲ್ಲಿ ಅದೇ ಕೆಲಸದಲ್ಲಿ ಪಳಗಿದ ಕೈ. ಕಾಗದದ ನಕ್ಷೆಯನ್ನು ಸ್ಕೀಗೆ ಅಂಟಿಸಿ, ಬೂಟಿನ ನಡುಗೆರೆಗೆ ಮೂರು ಸಲ ಅಳೆದು, ತಳದವರೆಗೆ ತೂತು ಬೀಳದಂತೆ ಡ್ರಿಲ್ಲಿನ ಮೊನೆಗೆ ಪಟ್ಟಿ ಸುತ್ತಿ ಕೊರೆಯುತ್ತಿದ್ದಳು. ತೂತಿಗೊಂದು ಹನಿ ಅಂಟು ಬಿಟ್ಟು ಸ್ಕ್ರೂಗಳನ್ನು ಕೈಯಿಂದಲೇ ತಿರುಗಿಸುತ್ತಿದ್ದಳು. ಯಂತ್ರದಲ್ಲಿ ಬಿಗಿಯುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

ಬೈಂಡಿಂಗಿನ ಹಿಮ್ಮಡಿಯ ತುಂಡಿನಲ್ಲಿ ಅಕ್ಕಿಕಾಳಿನಷ್ಟು ಒಂದು ಕಿಂಡಿ, ಕಿಂಡಿಯೊಳಗೊಂದು ಅಂಕಿ. ಬಿದ್ದಾಗ ಸ್ಕೀ ಎಷ್ಟು ಬಲಕ್ಕೆ ಕಾಲನ್ನು ಬಿಟ್ಟುಕೊಡಬೇಕೆಂದು ಅದು ಹೇಳುತ್ತದೆ. ಅಂಕಿ ದೊಡ್ಡದಾದಷ್ಟೂ ಹಿಡಿತ ಗಟ್ಟಿ. ತೂಕ, ಎತ್ತರ, ವಯಸ್ಸು ನೋಡಿ ಇಡಬೇಕಾದದ್ದು ಅದು. ಆದರೆ ಈ ಕಣಿವೆಯ ಗಂಡಸರಿಗೆ ಅದೇ ಮೀಸೆ. ಇವನು ಎಂಟರವನು, ಅವನು ಹತ್ತರವನು ಎಂದೇ ಆಡಿಕೊಳ್ಳುತ್ತಾರೆ. ವಯಸ್ಸಾಯಿತೆಂದು ಯಾವನಾದರೂ ಇಳಿಸಿಕೊಂಡರೆ ಬಿಯರ್ ಅಂಗಡಿಯಲ್ಲಿ ಅವನ ಮುಂದೆ ಬಿಸಿ ಹಾಲು ತಂದಿಡುತ್ತಾರೆ. ಅಂಕಿ ಏರಿಸುವ ಸ್ಕ್ರೂ ಹಿಂದಕ್ಕೂ ತಿರುಗುತ್ತದೆ ಅನ್ನುವುದು ಈ ಮಹಾಶಯರಿಗೆ ಗೊತ್ತೇ ಇಲ್ಲವೇನೋ. ಅಂಬ್ರೋಸ್ ಮೂವತ್ತು ವರ್ಷದಿಂದ ಒಂಬತ್ತರವನು.

ಮೂರು ಚಳಿಗಾಲದ ಹಿಂದೆ ಅವನ ಹೊಟ್ಟೆ ಕೊಯ್ದು ಜಠರದ ಅರ್ಧ ತೆಗೆದರು. ಎಂಬತ್ತನಾಲ್ಕು ಕಿಲೋ ಇದ್ದ ಆಳು ಅರವತ್ತೇಳಕ್ಕೆ ಇಳಿದ. ಮೂಳೆಯೂ ಸವೆದಿದೆಯೆಂದು ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ಅಂಬ್ರೋಸ್ ಆ ಮಾತನ್ನು ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟು ಬಂದ. ಮೇನಾ ಮನೆಗೆ ಬಂದು ತೂಕಕ್ಕೆ ತಕ್ಕ ಅಂಕಿಯ ಕೋಷ್ಟಕ ತೆಗೆದು ನೋಡಿದಳು. ಆರು. ಒಂಬತ್ತರಲ್ಲೇ ಇಟ್ಟರೆ ಬಿದ್ದ ದಿನ ಸ್ಕೀ ಕಳಚುವುದಿಲ್ಲ, ಕಾಲೇ ಮುರಿಯುತ್ತದೆ. ಬಾಯಿಮಾತಿಗೆ ಬಗ್ಗುವ ಗಂಡಸಲ್ಲ ಅವನು. ಅವಳು ಸದ್ದಿಲ್ಲದೆ ಆರಕ್ಕೆ ಇಳಿಸಿ, ಕಿಂಡಿಯ ಮೇಲೆ ಕೆಂಪು ಉಗುರುಬಣ್ಣ ಬಳಿದು, "ಸ್ಕ್ರೂ ಅಲ್ಲಾಡ್ದೆ ಇರ್ಲಿ ಅಂತ ಬಳಿದಿದೀನಿ, ಕೆರೀಬೇಡ" ಅಂದಳು. ಅವನು ಕೆರೆಯಲಿಲ್ಲ. ಮೂರು ವರ್ಷ ಆರರ ಮೇಲೆ ನಿಂತು ಒಂಬತ್ತೆಂದು ಹೇಳಿಕೊಂಡು ತಿರುಗಿದ.

ಹೋದ ಮಾರ್ಚಿನಲ್ಲಿ ಎಲ್ಲರ ಕಣ್ಣೆದುರೇ ಒಂದು ಸಣ್ಣ ತಿರುವಿನಲ್ಲಿ ಅವನ ಸ್ಕೀ ಕಳಚಿಕೊಂಡಿತು. ಒಂಬತ್ತು ಅಷ್ಟಕ್ಕೆಲ್ಲ ಕಳಚುವುದಿಲ್ಲ. "ನಮ್ಮ ಮೇನಾಗೆ ಕಣ್ಣು ಮಂಜಾಯ್ತು ಕಣ್ರೋ, ಬೈಂಡಿಂಗು ಓರೆ ಕೂರ್ಸಿದಾಳೆ" ಎಂದು ಅಂಬ್ರೋಸ್ ಬಿಯರ್ ಅಂಗಡಿಯಲ್ಲಿ ನಗುನಗುತ್ತಲೇ ಹೇಳಿಬಿಟ್ಟ. ಚಳಿಗಾಲ ಹತ್ತಿರ ಬಂದರೆ ಅವಳ ಬಾಗಿಲಲ್ಲಿ ಬೈಂಡಿಂಗಿನ ಕೆಲಸಕ್ಕೆಂದು ಊರವರ ಮೂವತ್ತು ಜೊತೆ ಸ್ಕೀ ಸಾಲುಗಟ್ಟಿ ನಿಲ್ಲುತ್ತಿದ್ದವು. ಈ ಸಲ ಬಂದದ್ದು ನಾಲ್ಕು. ಹೆಸರು ಕೆಟ್ಟರೆ ಕೆಡಲಿ, ಕಾಲು ನೆಟ್ಟಗಿದೆಯಲ್ಲ ಎಂದು ಮೇನಾ ನುಂಗಿಕೊಂಡಳು.

ಆದರೆ ತೋಳನ ಕೊರಕಲು ಬೇರೆ ಮಾತು. ಆ ಮಂಜುಗಡ್ಡೆಯ ಮೇಲೆ ಬಲ ಹಾಕಿ ತಿರುಗಿದರೆ ಆರು ನಡುದಾರಿಯಲ್ಲಿ ಕೈಬಿಡಬಹುದು, ಕೆಳಗೆ ಬರೀ ಬಂಡೆ. ಒಂಬತ್ತಕ್ಕೆ ಏರಿಸಿದರೆ ಕಾಲಿಗೆ ಉಳಿಗಾಲವಿಲ್ಲ. ಇಡಬಹುದಾದ ಅಂಕಿಯೇ ಇರಲಿಲ್ಲ. ಅವಳು ಸ್ಕ್ರೂಡ್ರೈವರ್ ಹಿಡಿದು ಕಾಲು ಗಂಟೆಯಿಂದ ಹಾಗೇ ನಿಂತಿದ್ದಳು.

ಅಂಬ್ರೋಸ್ ಬೂಟುಗಳನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಬಂದ. "ಏನೇ, ಇನ್ನೂ ಆಗ್ಲಿಲ್ವಾ? ಸ್ಕೀ ಒರೆಸ್ತಿದೀಯೋ, ಮದುವಣಗಿತ್ತಿ ಸಿಂಗಾರ ಮಾಡ್ತಿದೀಯೋ?"

"ಇವತ್ತು ಹೋಗ್ಬೇಡ."

"ಶುರುವಾಯ್ತು ನಿಂದು."

"ಅದು ಒಂಬತ್ತಲ್ಲ, ಅಂಬ್ರೋಸ್. ಆರು."

"ಯಾವ್ದು ಆರು?"

ಅವಳು ಸ್ಕ್ರೂಡ್ರೈವರಿನ ತುದಿಯಿಂದ ಉಗುರುಬಣ್ಣ ಕೆರೆದಳು. ಅವನು ಕನ್ನಡಕ ಹುಡುಕಿ ಹಾಕಿಕೊಂಡು ಬಗ್ಗಿ ನೋಡಿದ. ಎರಡನೆಯದನ್ನೂ ನೋಡಿದ. ತಲೆಯೆತ್ತಿದ.

"ಯಾವಾಗಿಂದ?"

"ಆಸ್ಪತ್ರೆಯಿಂದ ಬಂದಾಗಿಂದ."

"ಮೂರು ವರ್ಷ ನನ್ನ ಕೋಡಂಗಿ ಮಾಡಿದೀಯ."

"ಮೂರು ವರ್ಷ ಎರಡು ಕಾಲಲ್ಲಿ ನಡೆಸಿದೀನಿ."

"ಹಂಗಾದ್ರೆ ಮಾರ್ಚಲ್ಲಿ ಕಳಚಿದ್ದು..."

"ಓರೆಯಾಗಿ ಅಲ್ಲ," ಅಂದಳು ಮೇನಾ. "ಬೂಟು ಇಟ್ಟು ನೋಡ್ಕೋ. ನೀನು ಹೇಳಿದ್ದನ್ನ ಊರೆಲ್ಲ ನಂಬ್ತು. ನೀನಾದ್ರೂ ನೋಡು."

ಅವನು ಬೂಟಿನ ಮೂಗನ್ನು ಮುಂದಿನ ತುಂಡಿಗೆ ಸಿಕ್ಕಿಸಿ ಹಿಮ್ಮಡಿ ಒತ್ತಿದ. ಟಕ್ಕೆಂದು ಕೂತಿತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ನಟ್ಟನಡುವೆ. ಅದನ್ನೇ ನೋಡುತ್ತ ನಿಂತ. ಆಮೇಲೆ ಒರಟಾಗಿ, "ತಿರುಗ್ಸು, ಒಂಬತ್ತಕ್ಕೆ" ಅಂದ.

"ನಾನು ಮುಟ್ಟಲ್ಲ. ತಗೋ, ನೀನೇ ತಿರುಗ್ಸು. ಕಾಲು ನಿಂದು."

ಸ್ಕ್ರೂಡ್ರೈವರ್ ಇಸಿದುಕೊಂಡು ಅವನು ಕಾಲು ಸುತ್ತು ತಿರುಗಿಸಿದ. ಅಲ್ಲಿಗೆ ಕೈ ನಿಂತುಹೋಯಿತು. ಅವನ ಕಣ್ಣು ತನ್ನ ತೊಡೆಯ ಮೇಲೆ ಬಿತ್ತು. ಮೊದಲು ಬಿಗಿಯಾಗಿ ಕೂರುತ್ತಿದ್ದ ಪ್ಯಾಂಟು ಈಗ ಚೀಲದ ಹಾಗೆ ಜೋತುಬಿದ್ದಿತ್ತು.

"ಮೂಳೆ ಬಗ್ಗೆ ಡಾಕ್ಟ್ರು ಏನಂದಿದ್ರು?" ಎಂದ, ಆ ಮಾತು ಕೇಳಿಯೇ ಇಲ್ಲದವನ ಹಾಗೆ.

"ಸೀಮೆಸುಣ್ಣದ ಥರ ಅಂದಿದ್ರು."

ಹೊರಗೆ ವ್ಯಾನಿನ ಹಾರನ್ ಕೇಳಿತು. ಅಂಬ್ರೋಸ್ ಸ್ಕೀಗಳನ್ನು ಮೇಜಿನ ಮೇಲೆಯೇ ಬಿಟ್ಟು ಮೆಟ್ಟಿಲು ಹತ್ತಿದ. ಅವು ಮೇಜಿನ ಮೇಲೇ ಉಳಿದದ್ದು ನೋಡಿ ಮೇನಾಳಿಗೆ ಜೀವ ಬಂದಂತಾಯಿತು. ಗೋಡೆಯ ಮೇಲಿನ ಸಣ್ಣ ಕಿಟಕಿಯಿಂದ ಅಂಗಳದಲ್ಲಿ ನಿಂತವರ ಕಾಲುಗಳಷ್ಟೇ ಕಾಣುತ್ತಿದ್ದವು, ಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

"ಏನ್ ಯಜಮಾನ್ರೇ, ಒಂಬತ್ತು ರೆಡೀನಾ?" ಲಾಂಬರ್ಟನ ದನಿ. ಹಿಂದಿನಿಂದ ಯಾರೋ ನಕ್ಕರು.

ಮೇನಾ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹೇಳು, ನಿಜ ಹೇಳಿಬಿಡು ಎಂದು ಅವಳ ಮನಸ್ಸು ಬಡಿದುಕೊಂಡಿತು.

"ಬರೋಕಾಗಲ್ಲ ಕಣಯ್ಯಾ," ಅಂದ ಅಂಬ್ರೋಸ್. "ಮೇನಾ ಮತ್ತೆ ಎಡವಟ್ಟು ಮಾಡಿಟ್ಟಿದಾಳೆ. ಎರಡನ್ನೂ ಓರೆ ಕೂರ್ಸಿದಾಳೆ. ಅದ್ರ ಮೇಲೆ ನಿಂತು ಸಾಯ್ಲಾ?"

"ಅಯ್ಯೋ, ಇನ್ನೂ ಆಯಮ್ಮನ ಕೈಗೆ ಯಾಕೆ ಕೊಡ್ತೀರಾ? ಪೇಟೆ ಅಂಗಡೀಲಿ ಮಾಡಿಸ್ಕೊಳ್ಳಿ. ಪಾಪ, ಆಕೆಗೂ ರೆಸ್ಟು," ಅಂದ ಲಾಂಬರ್ಟ್.

ವ್ಯಾನು ಹೊರಟುಹೋಯಿತು. ಮೇನಾ ಅಲ್ಲೇ ಇದ್ದ ಮರದ ಪೆಟ್ಟಿಗೆಯ ಮೇಲೆ ಕೂತಳು. ಅವನು ಹೋಗಲಿಲ್ಲ, ಬದುಕಿದ. ಮೊದಲು ಬಂದದ್ದು ಆ ಸಂತೋಷವೇ, ಅದು ನಿಜವಾದ ಸಂತೋಷ. ಅದರ ಹಿಂದೆಯೇ ಮುಖಕ್ಕೆ ರಕ್ತ ನುಗ್ಗಿತು. ಇನ್ನು ಆ ನಾಲ್ಕು ಜೊತೆಯೂ ಬರುವುದಿಲ್ಲ. ಮಾರ್ಚಿನಲ್ಲಿ ಅವನು ಗೊತ್ತಿಲ್ಲದೆ ಅಂದಿದ್ದ. ಇವತ್ತು ತನ್ನ ಕೈಯಾರೆ ಬೂಟು ಕೂರಿಸಿ, ಕಣ್ಣಾರೆ ನೋಡಿ ಅಂದ. ಅಳಬೇಕೆನಿಸಿತು, ಯಾವುದಕ್ಕೆಂದು ಅವಳಿಗೇ ತಿಳಿಯಲಿಲ್ಲ.

ಅಂಬ್ರೋಸ್ ಕೆಳಗಿಳಿದು ಬಂದು ಕೊನೆಯ ಮೆಟ್ಟಿಲಲ್ಲೇ ನಿಂತ. ಅವಳ ಮುಖ ನೋಡಲಾಗದೆ ಸ್ಕೀಗಳನ್ನು ನೋಡುತ್ತಿದ್ದ.

"ಮತ್ತೇನ್ ಹೇಳ್ಬೇಕಿತ್ತು ನಾನು?"

"ಆರು ಅಂತ," ಅಂದಳು ಮೇನಾ. "ಎರಡೇ ಅಕ್ಷರ. ಅವ್ರು ಹೋದ್ರು, ಇಲ್ಲಿ ಯಾರೂ ಇಲ್ಲ. ನನ್ನೆದುರಿಗಾದ್ರೂ ಒಂದ್ಸಲ ಹೇಳು."

ಅಂಬ್ರೋಸ್ ಬಾಯಿ ತೆರೆದ. ಅವಳು ಕಾದಳು. ಅವನು ಬಾಯಿ ಮುಚ್ಚಿ, ಬೂಟುಗಳನ್ನು ಎತ್ತಿಕೊಂಡು ಮೇಲಕ್ಕೆ ಹೋದ.