ಬರ್ನಿ ಕೊಟ್ಟ ಬಿಲ್ಲು

ಬಿಲ್ಲಿನ ಹೆದೆ ಇಳಿಸಲು ಹರ್ಷಿಣಿ ಮೂರನೆಯ ಸಲ ಬಗ್ಗಿದಳು. ಒಂದು ಕಾಲನ್ನು ಬಿಲ್ಲಿನೊಳಗೆ ತೂರಿಸಿ, ತೊಡೆಗೆ ಆನಿಸಿ, ಮೇಲಿನ ತುದಿಯನ್ನು ಮುಂದಕ್ಕೆ ಒತ್ತಿದಳು. ಹೆದೆ ಕೊಕ್ಕೆಯಿಂದ ಜಾರಲಿಲ್ಲ. ಅಪ್ಪ ಮಾತಾಡುತ್ತಲೇ ಮಾಡಿ ಮುಗಿಸುತ್ತಿದ್ದ ಕೆಲಸ ಅದು.

"ನಾನು ಹಿಡ್ಕೊಳ್ಲಾ ಪುಟ್ಟಿ?" ಎಂದ ಶ್ರೀನಿಧಿ. ಕ್ರೈಸ್ಟ್‌ಚರ್ಚಿನ ರಿಕ್ಕರ್ಟನ್ ಬಡಾವಣೆಯಲ್ಲಿ ಅವಳಪ್ಪ ಲಿಂಗರಾಜನ ಮೊದಲ ಫ್ಲಾಟ್‌ಮೇಟ್ ಅವನು.

"ನೋ ಅಂಕಲ್. ಐ ಕ್ಯಾನ್ ಡೂ ಇಟ್."

ನಾಲ್ಕನೆಯ ಸಲಕ್ಕೆ ಹೆದೆ ಜಾರಿತು. ಬಿಲ್ಲು ಸೆಟೆದು ಅವಳ ಮೊಣಕಾಲಿಗೆ ಬಡಿಯಿತು. ಅಂತ್ಯಕ್ರಿಯೆಯ ವ್ಯವಸ್ಥೆ ಮಾಡುವ ಸಂಸ್ಥೆಯಿಂದ ಬಂದಿದ್ದ ಹುಡುಗಿ ಬಿಲ್ಲನ್ನು ಬೆರಳಿನಿಂದ ಸವರಿ ನೋಡಿ, ತುಂಬ ಸಂಕೋಚದಿಂದ ಹೇಳಿದಳು: ಒಳಗೆ ಮರವಿದೆ ನಿಜ, ಆದರೆ ಮೇಲಿನ ಪದರ ಫೈಬರ್‌ಗ್ಲಾಸ್. ಇದನ್ನು ಅಪ್ಪನ ಶವಪೆಟ್ಟಿಗೆಯಲ್ಲಿಟ್ಟು ಸುಡುವಂತಿಲ್ಲ.

ಹರ್ಷಿಣಿ ಬಿಲ್ಲನ್ನು ಎದೆಗವಚಿಕೊಂಡು ಕುಳಿತುಬಿಟ್ಟಳು.

"ಬಾಣ ಇಡಬಹುದಾ ಕೇಳು," ಎಂದಳು ಅರುಂಧತಿ. ಲಿಂಗರಾಜನ ಹೆಂಡತಿ ಬೆಳಗಿನಿಂದ ಆಡಿದ ಮೊದಲ ಮಾತು ಅದು.

ಬಾಣ ಬರೀ ಮರದ್ದು. ಉಕ್ಕಿನ ಮೊನೆ ತೆಗೆದರೆ ಇಡಬಹುದಂತೆ. ಅರುಂಧತಿ ಅಡುಗೆಮನೆಯಿಂದ ಇಕ್ಕಳ ತಂದು ಮೊನೆಯನ್ನು ತಿರುಚತೊಡಗಿದಳು.

"ಒಳ್ಳೇದೇ ಆಯ್ತು ಬಿಡಿ ಅತ್ತಿಗೆ," ಎಂದ ಶ್ರೀನಿಧಿ. "ಈ ಬಿಲ್ಲಿಂದ ಅವನು ಪಟ್ಟಿದ್ದು ಸಾಕು. ಇವತ್ತು ಸ್ಪೀಚಲ್ಲಿ ಹೇಳೇ ಹೇಳ್ತೀನಿ, ಇದನ್ನ ಕೊಟ್ಟ ಆ ಮುದುಕನ ಮನೆಯವರು ಏನ್ ಮಾಡಿದ್ರು ಅಂತ."

"ಅದೆಲ್ಲ ಈಗ ಯಾಕೆ?"

"ಮತ್ಯಾವಾಗ? ಹನ್ನೊಂದು ವರ್ಷ ಅವನೂ ಬಾಯಿ ಮುಚ್ಕೊಂಡೇ ಇದ್ದ."

ಇಕ್ಕಳ ಜಾರಿ ಅರುಂಧತಿಯ ಹೆಬ್ಬೆರಳು ತರಚಿತು. ಅವಳು ಇಕ್ಕಳವನ್ನು ಮತ್ತೆ ಮೊನೆಗೆ ಕಚ್ಚಿಸಿದಳು.

*

ಲಿಂಗರಾಜ ಸುರಪುರದವನು. ಬೇಡರ ಮನೆತನ. ಮುತ್ತಜ್ಜನ ಬಿಲ್ಲೊಂದು ಗೋಡೆಗೆ ತೂಗುತ್ತಿತ್ತಂತೆ, ಆದರೆ ಅದನ್ನು ಮುಟ್ಟಿದವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ನರ್ಸಿಂಗ್ ಓದಿ ಕ್ರೈಸ್ಟ್‌ಚರ್ಚ್‌ಗೆ ಬಂದು ವೃದ್ಧಾಶ್ರಮವೊಂದರಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿದ್ದ ಬರ್ನಿ ಎಂಬ ಮುದುಕ ಐವತ್ತು ವರ್ಷ ಗುಡ್ಡ ಹತ್ತಿ ಜಿಂಕೆ ಹೊಡೆದವನು, ಅದೂ ಬಿಲ್ಲಿನಿಂದ ಮಾತ್ರ. ಅರವತ್ತರ ದಶಕದ ಆ ಬಿಲ್ಲು ಕೋಣೆಯ ಬೀರುವಿನ ಹಿಂದಿತ್ತು. ಸ್ನಾನ ಮಾಡಿಸಲು ಬಂದ ಲಿಂಗರಾಜನನ್ನು ಗಾಲಿಕುರ್ಚಿಯಲ್ಲಿ ಕುಳಿತೇ ತಿದ್ದುತ್ತ, ಬರ್ನಿ ಅವನಿಗೆ ಬಿಲ್ಲು ಹಿಡಿಯಲು ಕಲಿಸಿದ. ಕೊನೆಗೊಂದು ದಿನ ಬಿಲ್ಲನ್ನೇ ಕೊಟ್ಟುಬಿಟ್ಟ.

ಅದನ್ನು ಹೊದಿಕೆಯಲ್ಲಿ ಸುತ್ತಿಕೊಂಡು ಮನೆಗೆ ತಂದ ಸಂಜೆ ಅರುಂಧತಿ ಬಾಗಿಲು ಹಾಕಿ ಬಂದು ಕೇಳಿದ್ದಳು.

"ಪೇಶಂಟ್ ಹತ್ರ ಏನೂ ತಗೋಬಾರ್ದು ಅಂತ ರೂಲ್ ಇಲ್ವೇನ್ರೀ? ಇಲ್ಲೇ ಉಳಿಯೋಕೆ ಹಾಕಿರೋ ನಮ್ಮ ರೆಸಿಡೆನ್ಸಿ ಫೈಲ್ ಇನ್ನೂ ಇಮಿಗ್ರೇಶನ್‌ನವರ ಹತ್ರ ಇದೆ."

"ಮುದುಕ ತನ್ನ ಕೈಯಾರೆ ಕೊಟ್ಟಾನ. ಬ್ಯಾಡ ಅಂದ್ರ ಅಳಾಕತ್ತ. ನಾ ಏನ್ ಮಾಡ್ಲಿ?"

"ವಾಪಸ್ ಕೊಟ್ಬಿಡಿ."

"ಕೊಡ್ತೀನಿ ತಡಿ, ಅರು. ನಾಲ್ಕು ದಿನ ಇರ್ಲಿ."

ನಾಲ್ಕು ದಿನ ಹದಿನಾಲ್ಕಾಯಿತು. ಅವಳಿಗೆ ನಿದ್ದೆ ಹತ್ತಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಅವಳ ಕೆಲಸ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ವೃದ್ಧಾಶ್ರಮದ ಮ್ಯಾನೇಜರಿಗೆ ಫೋನು ಮಾಡಿದಳು. ಹೆಸರು ಹೇಳಲಿಲ್ಲ. ನರ್ಸೊಬ್ಬರು ರೋಗಿಯಿಂದ ಹಳೆಯ ಬಿಲ್ಲೊಂದನ್ನು ತೆಗೆದುಕೊಂಡರೆ ತಪ್ಪಾಗುತ್ತದೆಯೇ ಎಂದಷ್ಟೇ ಕೇಳಿದಳು. ತಪ್ಪು ಎಂದರೆ ಗಂಡನಿಗೆ ಹೇಳಿ ಹಿಂದಿರುಗಿಸುವುದು, ಇಲ್ಲವಾದರೆ ನೆಮ್ಮದಿಯಾಗಿರುವುದು: ಅವಳ ಲೆಕ್ಕ ಇಷ್ಟೇ ಇತ್ತು. ಆದರೆ ಆ ವೃದ್ಧಾಶ್ರಮದಲ್ಲಿ ಬಿಲ್ಲು ಇಟ್ಟುಕೊಂಡಿದ್ದ ಮುದುಕ ಒಬ್ಬನೇ.

ವಿಚಾರಣೆಯಾಯಿತು. ಕಳ್ಳತನ ಎಂದು ಯಾರೂ ಬರೆಯಲಿಲ್ಲ. ನಿಯಮ ಮೀರಿದ್ದಾನೆ ಎಂದು ಬರೆದರು. ಲಿಂಗರಾಜ ರಾಜೀನಾಮೆ ಕೊಟ್ಟ. ಬೇರೆಲ್ಲೂ ನರ್ಸಿನ ಕೆಲಸ ಸಿಗದೆ ದೂರದ ನೆಲ್ಸನ್ನಿನ ಸೇಬು ಪ್ಯಾಕಿಂಗ್ ಶೆಡ್ಡಿಗೆ ಹೋದ. ಎಂಟು ವರ್ಷದ ಹರ್ಷಿಣಿಯೊಂದಿಗೆ ಅರುಂಧತಿ ಇಲ್ಲೇ ಉಳಿದಳು. "ಕಂಪ್ಲೇಂಟ್ ಕೊಟ್ಟಿದ್ದು ಯಾರು ಅತ್ತಿಗೆ, ಮುದುಕನ ಮಗಳೇ ತಾನೇ?" ಎಂದು ಶ್ರೀನಿಧಿ ಬಂದು ಕೇಳಿದಾಗ ಅವಳು ತಲೆಯಾಡಿಸಿದ್ದಳು. ಹೌದು ಎನ್ನುವಂತೆ.

*

ಚಿತಾಗಾರದ ಪ್ರಾರ್ಥನಾ ಕೋಣೆಯಲ್ಲಿ ಅರವತ್ತು ಜನ ಸೇರಿದ್ದರು. ಕನ್ನಡ ಸಂಘದವರು, ಲ್ಯಾಬಿನವರು, ಲಿಂಗರಾಜ ಕೊನೆಯ ವರ್ಷಗಳಲ್ಲಿ ಮನೆಮನೆಗೆ ಹೋಗಿ ಆರೈಕೆ ಮಾಡುತ್ತಿದ್ದ ಮೂವರು ಮುದುಕಿಯರು. ನಾಲ್ಕು ದಿನದ ಹಿಂದೆ ಕೆಲಸದಿಂದ ಬಂದು, ಶೂ ಬಿಚ್ಚಲು ಕುಳಿತವನು ಹಾಗೇ ಒರಗಿದ್ದ. ಐವತ್ತನಾಲ್ಕು ವರ್ಷ. ಈಗ ಅವನ ಬಲಗೈ ಪಕ್ಕದಲ್ಲಿ ಮೊನೆಯಿಲ್ಲದ ಬಾಣವಿತ್ತು.

ಶ್ರೀನಿಧಿ ಮೈಕಿನತ್ತ ಹೊರಟಾಗ, ಬಿಳಿಗೂದಲಿನ ಹೆಂಗಸೊಬ್ಬಳು ಒಳಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಳು. ಬರ್ನಿಯ ಮಗಳು ಜೂಡಿತ್.

"ಅವಳೇ ಅಲ್ವಾ?" ಶ್ರೀನಿಧಿ ಅರುಂಧತಿಯತ್ತ ಬಗ್ಗಿ ಪಿಸುಗುಟ್ಟಿದ. "ಎಷ್ಟು ಧೈರ್ಯ ನೋಡಿ."

ಈಗ ತಡೆಯಬೇಕು ಎಂದುಕೊಂಡಳು ಅರುಂಧತಿ. ಅವನ ತೋಳು ಹಿಡಿಯಲು ಕೈ ಎತ್ತಿದಳು ಕೂಡ. ಪಕ್ಕದಲ್ಲಿ ಹರ್ಷಿಣಿ ಅಳುತ್ತಿದ್ದಳು. ಎತ್ತಿದ ಕೈ ಮಗಳ ಬೆನ್ನಿನ ಮೇಲೆ ಇಳಿಯಿತು.

ಶ್ರೀನಿಧಿ ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಮಾತಾಡಿದ. ಗೆಳೆಯ ಎಂಥ ಬಿರಿಯಾನಿ ಮಾಡುತ್ತಿದ್ದ, ಭೂಕಂಪದ ವಾರ ಎಷ್ಟು ಮಂದಿಯನ್ನು ಮನೆಯಲ್ಲಿಟ್ಟುಕೊಂಡಿದ್ದ ಎಂದೆಲ್ಲ ಹೇಳಿ, ಕೊನೆಗೆ ಧ್ವನಿ ಗಡುಸು ಮಾಡಿದ. "ಒಬ್ಬ ಮುದುಕನನ್ನು ಸ್ವಂತ ತಂದೆಯಂತೆ ನೋಡಿಕೊಂಡ. ಆ ಮುದುಕನ ಮನೆಯವರು ಇವನನ್ನು ಕಳ್ಳನಂತೆ ಕಂಡರು. ಇವನು ಅವರ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ಅಂಥ ದೊಡ್ಡತನ ನಮ್ಮ ಲಿಂಗರಾಜನದು."

ಕೆಲವು ತಲೆಗಳು ಹಿಂದಕ್ಕೆ ತಿರುಗಿದವು. ಜೂಡಿತ್ ಮಡಿಲಲ್ಲಿದ್ದ ಕೈಗವಸುಗಳನ್ನು ನೋಡುತ್ತ ಕುಳಿತಿದ್ದಳು. ಎದ್ದು ಹೋಗಲಿಲ್ಲ.

*

ಎರಡು ವರ್ಷ ಕಳೆದು ನೆಲ್ಸನ್ನಿನಿಂದ ಮರಳಿದ ಮೇಲೆ ಬಂದ ಮೊದಲ ಏಪ್ರಿಲಿನಲ್ಲಿ, ಗಂಡು ಜಿಂಕೆಗಳು ಕೂಗುವ ಕಾಲ, ಲಿಂಗರಾಜ ಬಿಲ್ಲನ್ನು ಹೊರತೆಗೆದು "ಈ ಸಲ ನೀನೂ ಬಾ, ಅರು," ಎಂದಿದ್ದ. ಅವಳು ಮರುಮಾತಾಡದೆ ಹೊರಟಿದ್ದಳು. ಆಮೇಲೆ ಪ್ರತಿವರ್ಷ ಮೂವರೂ ಯೂಟ್ ಎನ್ನುವ ಪಿಕಪ್ ಗಾಡಿ ಹತ್ತಿ ಗುಡ್ಡಕ್ಕೆ ಹೋದರು. ಎಷ್ಟೋ ವರ್ಷ ಬರಿಗೈಯಲ್ಲಿ ಬಂದರು, ಏಕೆಂದರೆ ಇಪ್ಪತ್ತು ಹೆಜ್ಜೆಗಿಂತ ದೂರವಿದ್ದರೆ ಅವನು ಬಾಣ ಬಿಡುತ್ತಿರಲಿಲ್ಲ. ಬಿದ್ದ ಜಿಂಕೆಯ ಮಾಂಸ ಹೊತ್ತು ಇಳಿಯುವಾಗ ಅತಿ ಭಾರದ ಚೀಲವನ್ನು ಅರುಂಧತಿ ಕೇಳಿ ಪಡೆಯುತ್ತಿದ್ದಳು. ಹೆಗಲು ಉರಿದಷ್ಟೂ ಅವಳಿಗೆ ಎಲ್ಲೋ ಹಗುರವೆನಿಸುತ್ತಿತ್ತು.

ಎರಡನೆಯ ವರ್ಷ, ಹರ್ಷಿಣಿ ಗುಡಾರದಲ್ಲಿ ಮಲಗಿದ್ದಾಗ, ಇಬ್ಬರೇ ತೊರೆಯ ದಡದಲ್ಲಿ ಕುಳಿತಿದ್ದರು. ಅವನು ಬಾಣದ ಗರಿ ಸರಿಪಡಿಸುತ್ತಿದ್ದ.

"ರೀ, ನಿಮ್ಗೆ ಒಂದು ಮಾತು ಹೇಳ್ಬೇಕು."

ಅವನು ತುಟಿಯ ಮೇಲೆ ಬೆರಳಿಟ್ಟ. "ಕಾಡಿನ್ಯಾಗ ಮಾತು ಬ್ಯಾಡ."

ಜಿಂಕೆ ಬಂದಿರಬೇಕೆಂದು ಅವಳು ಉಸಿರು ಬಿಗಿಹಿಡಿದು ಸುತ್ತ ನೋಡಿದ್ದಳು.

*

ಪರದೆ ಮುಚ್ಚಿದ ಮೇಲೆ ಜನ ಹೊರಗೆ ಚಹಾ ಹಿಡಿದು ನಿಂತಿದ್ದಾಗ ಜೂಡಿತ್ ನೇರ ಅರುಂಧತಿಯ ಬಳಿ ಬಂದಳು. ಮೆಲ್ಲಗೆ, ಇಂಗ್ಲಿಷಿನಲ್ಲಿ ಹೇಳಿದಳು.

"ಜಗಳಕ್ಕೆ ಬಂದಿಲ್ಲ. ನಿಮಗೊಬ್ಬರಿಗೆ ಗೊತ್ತಿರಲಿ ಎಂದು ಬಂದೆ. ದೂರು ಕೊಟ್ಟವರು ನಾವಲ್ಲ. ವಿಚಾರಣೆಯಲ್ಲಿ ಬಿಲ್ಲು ಅವನದೇ ಎಂದು ಬರೆದುಕೊಟ್ಟವಳು ನಾನು. ಅಪ್ಪ ಅದನ್ನು ಅವನಿಗೆ ಕೊಟ್ಟಾಗ ನನ್ನನ್ನು ಕೇಳಿಯೇ ಕೊಟ್ಟಿದ್ದ."

ಅರುಂಧತಿ ಚಹಾದ ಲೋಟವನ್ನು ಪಕ್ಕದ ಮೇಜಿನ ಮೇಲಿಟ್ಟಳು.

"ನಿಮ್ಮ ಗಂಡನಿಗೂ ಆಗಲೇ ಹಾಗೆಂದು ಪತ್ರ ಬರೆದೆ. ನೆಲ್ಸನ್ನಿನಿಂದ ಉತ್ತರ ಬಂತು. ಯಾರು ಫೋನು ಮಾಡಿದ್ದೆಂದು ತನಗೆ ಗೊತ್ತು, ಅವರು ಹೆದರಿಕೊಂಡು ಮಾಡಿದ್ದು, ಅವರನ್ನು ಯಾರೂ ಕೇಳುವುದು ಬೇಡ ಎಂದು ಬರೆದಿದ್ದ. 'ಜನ ನಿಮ್ಮನ್ನು ದೂರಿದರೆ ನನ್ನನ್ನು ಕ್ಷಮಿಸಿ' ಎಂದೂ ಬರೆದಿದ್ದ." ಜೂಡಿತ್ ಕೈಗವಸು ತೊಡತೊಡಗಿದಳು. "ಸುಲಭವಾಗಿರಲಿಲ್ಲ. ಮಾಲ್‌ನಲ್ಲಿ ಎದುರಾದರೆ, ಈಗ ಮಾತಾಡಿದ ನಿಮ್ಮ ಸ್ನೇಹಿತ ಮುಖ ತಿರುಗಿಸುತ್ತಿದ್ದರು."

ಅವಳು ಹೋದ ಮೇಲೂ ಅರುಂಧತಿ ಅಲ್ಲೇ ನಿಂತಿದ್ದಳು. ತೊರೆಯ ದಡ ನೆನಪಾಯಿತು. ಅಂದು ಸುತ್ತಮುತ್ತ ಒಂದು ಜಿಂಕೆಯೂ ಇರಲಿಲ್ಲ.

"ಅತ್ತಿಗೆ, ಏನಂದಳು ಅವಳು?" ಎನ್ನುತ್ತ ಶ್ರೀನಿಧಿ ಬಂದ.

"ನೀವು ಹೇಳಿದ್ದು ಸುಳ್ಳು, ಶ್ರೀನಿಧಿ. ನನ್ನಿಂದಾದ ಸುಳ್ಳು. ನಾಳೆ ಮನೆಗೆ ಬನ್ನಿ, ಹೇಳ್ತೀನಿ. ಮೊದಲು ಮಗಳಿಗೆ ಹೇಳ್ಬೇಕು."

ಮನೆಯಿರುವುದು ಊರ ಹೊರಗೆ, ವೆಸ್ಟ್ ಮೆಲ್ಟನ್ ದಾಟಿ. ಯೂಟನ್ನು ಹರ್ಷಿಣಿ ಓಡಿಸುತ್ತಿದ್ದಳು. ಕೊನೆಯ ಅಂಗಡಿಯೂ ಹಿಂದಾದ ಮೇಲೆ ಅರುಂಧತಿ ರಸ್ತೆ ನೋಡುತ್ತಲೇ ಎಲ್ಲ ಹೇಳಿದಳು. ಫೋನು, ಮ್ಯಾನೇಜರು, ತಲೆಯಾಡಿಸಿದ್ದು, ಪತ್ರ. ತನ್ನ ಪರವಾಗಿ ಒಂದೇ ಒಂದು ಮಾತು ಸೇರಿಸಹೋಗಿ, ನುಂಗಿಕೊಂಡಳು.

ಹರ್ಷಿಣಿ ಎರಡು ಕಿಲೋಮೀಟರ್ ಓಡಿಸಿದಳು. ಆಮೇಲೆ, "ಹೀ ಮಿಸ್ಡ್ ಟೂ ಆಫ್ ಮೈ ಬರ್ತ್‌ಡೇಸ್," ಎಂದಳು.

"ಹೂಂ, ಪುಟ್ಟಿ."

"ಯೂ ಬೋತ್ ನ್ಯೂ. ಅಂಡ್ ಯೂ ಜಸ್ಟ್... ವೆಂಟ್ ಹಂಟಿಂಗ್?"

ಉತ್ತರಕ್ಕೆ ಕಾಯದೆ ಅವಳು ಯೂಟನ್ನು ರಸ್ತೆಯಂಚಿಗೆ ಎಳೆದು ನಿಲ್ಲಿಸಿದಳು. ಎಂಜಿನ್ ಆರಿಸಲಿಲ್ಲ. ಬಾಗಿಲು ತೆರೆದುಹಾಕಿ ಇಳಿದುಹೋಗಿ, ಹೊಲದ ತಂತಿಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಅದೊಂದು ಜಿಂಕೆ ಸಾಕುವ ಫಾರ್ಮು. ಆಳೆತ್ತರಕ್ಕೂ ಮಿಕ್ಕಿದ ಬೇಲಿಯ ಆಚೆ ಐವತ್ತು ಅರವತ್ತು ಹೆಣ್ಣು ಜಿಂಕೆಗಳು ಒಟ್ಟಿಗೇ ತಲೆಯೆತ್ತಿದವು.

ಅವು ಓಡಲಿಲ್ಲ. ಮೇವು ತಂದಿದ್ದಾಳೆಂದುಕೊಂಡು, ಒಂದರ ಹಿಂದೊಂದು ಅವಳತ್ತ ನಡೆದು ಬಂದವು. ಮುಂದಿದ್ದದ್ದು ತಂತಿಯ ಕಿಂಡಿಯಲ್ಲಿ ಮೂತಿ ತೂರಿಸಿ ಅವಳ ಖಾಲಿ ಅಂಗೈಯನ್ನು ಮೂಸಿತು, ಮತ್ತೆ ಮೂಸಿತು. ಹರ್ಷಿಣಿ ಕೈ ಹಿಂದೆಗೆಯಲಿಲ್ಲ. ಅರುಂಧತಿ ಸೀಟ್‌ಬೆಲ್ಟ್ ಬಿಚ್ಚಿ ಇಳಿದು, ಮಗಳ ಭುಜಗಳು ಅದುರುವುದನ್ನು ನೋಡುತ್ತ ಯೂಟಿನ ಪಕ್ಕದಲ್ಲಿ ನಿಂತಳು. ಜಿಂಕೆಗಳು ಇನ್ನೂ ಬರುತ್ತಲೇ ಇದ್ದವು.