ಗಂಟೆಯ ಬೋಗುಣಿ

ಪಾರವ್ವ ಬಾಗಿಲಲ್ಲಿ ಮಾತಿಗೆ ನಿಂತಳೆಂದರೆ ಒಲೆಯ ಮೇಲಿನ ಚಹಾ ಉಕ್ಕುವುದು ಖಾತ್ರಿ. ಬೈದು ಬೈದು ಸಾಕಾದ ಗಂಡ ಅಮೃತಪ್ಪ, ರಬಾಳೆಯ ಕಾರ್ಖಾನೆಯ ಫಿಟರ್, ಒಂದು ಭಾನುವಾರ ಕೂತು ಚಹಾದ ಬೋಗುಣಿಗೆ ಹೊಸ ಮುಚ್ಚಳ ಮಾಡಿದ. ನೊರೆ ಮೇಲೇರಿ ಮುಚ್ಚಳದೊಳಗಿನ ತಗಡನ್ನು ಎತ್ತಿದರೆ ಸಾಕು, ಅದಕ್ಕೆ ಜೋಡಿಸಿದ್ದ ಸೈಕಲ್ ಗಂಟೆ ಬಡಿಯುತ್ತಿತ್ತು. ಪಾರವ್ವ ಓಡಿ ಬಂದು ಗ್ಯಾಸ್ ಆರಿಸುತ್ತಿದ್ದಳು. ಒಂದು ಹನಿಯೂ ಚೆಲ್ಲುತ್ತಿರಲಿಲ್ಲ.

ಆದರೆ ಆ ಗಂಟೆ ದಿವಾ ಊರಿನಲ್ಲಿದ್ದ ಅವರ ಚಾಳಿನ ಸಾಲುಮನೆಗಳಿಗೆಲ್ಲ ಕೇಳಿಸುತ್ತಿತ್ತು. ಗಂಟೆ ಬಡಿದದ್ದೇ ತಡ, ಯಾರಾದರೂ ಇಣುಕುವರು. ಹೊಸ್ತಿಲಿಗೆ ಬಂದವರನ್ನು ಚಹಾ ಕುಡಿಸದೆ ಕಳಿಸುವವಳಲ್ಲ ಪಾರವ್ವ. ಗಂಡನಿಗೆ ಉಳಿಯುತ್ತಿದ್ದುದು ತಳದ ಚಹಾಪುಡಿ. ರೇಗಿದ ಅಮೃತಪ್ಪ ಗಂಟೆಗೆ ಅರಿವೆ ಸುತ್ತಿ, ತಾನೇ ಒಲೆಯ ಮುಂದೆ ಕಾವಲು ಕೂತ.

ಆ ಸಂಜೆ ಚಾಳಿನವರೆಲ್ಲ ಗಾಬರಿಯಿಂದ ಬಂದರು. "ಗಂಟಿ ಕೇಳಲೇ ಇಲ್ಲಲ್ಲ ಪಾರಕ್ಕ, ಎಲ್ಲಾರೂ ಆರಾಮ ಅದೀರಿಲ್ಲೋ?" ಎಂದಳು ಪಕ್ಕದ ಮನೆಯ ಮಾನಮ್ಮ. ಅಷ್ಟು ಗಾಬರಿಯಲ್ಲೂ ಎಲ್ಲರ ಕೈಯಲ್ಲಿ ಕಪ್ಪು-ಬಸಿ ಇದ್ದವು.

ಅಮೃತಪ್ಪನಿಗೆ ನಗು ತಡೆಯಲಾಗಲಿಲ್ಲ. ಅರಿವೆ ಬಿಚ್ಚಿದ.

"ಗಂಟಿ ಛಲೋ ಐತಿ ಬಿಡ್ರಿ," ಎಂದಳು ಪಾರವ್ವ. "ಬೋಗೋಣಿ ಸಣ್ಣದಾತು!"