ಡ್ರ್ಯಾಗನ್ ಸಿನಿಮಾದ ವಿಮರ್ಶೆ

ಸಿನಿಮಾ ವಿಷಯದಲ್ಲಿ ಯೂಜಿನನದೇ ಕೊನೆಯ ಮಾತು. ಬೇರೆಯವರು ಹಾಗೆ ಹೇಳುತ್ತಿದ್ದರೋ ಇಲ್ಲವೋ, ಅವನಂತೂ ನಂಬಿದ್ದ. ಕುವೈತಿನಲ್ಲಿರುವ ಊರವರ ವಾಟ್ಸಪ್ ಗುಂಪಿನಲ್ಲಿ ಮೊದಲ ವಿಮರ್ಶೆ ಅವನದೇ ಬೀಳಬೇಕು. ಡ್ರ್ಯಾಗನ್ನಿನ ಚೀನಾ ಸಿನಿಮಾವೊಂದಕ್ಕಂತೂ ವರ್ಷದಿಂದ ಬಾಯಿಬಿಟ್ಟುಕೊಂಡು ಕಾದಿದ್ದ. ಸಾವಿರಾರು ಕೋಟಿ ಖರ್ಚಂತೆ, ಡ್ರ್ಯಾಗನ್ನಿನ ಒಂದೊಂದು ಹುರುಪೆಯೂ ಎದ್ದು ಕಾಣುತ್ತದಂತೆ ಎಂದು ಎಲ್ಲರ ತಲೆ ತಿಂದಿದ್ದ.

ಅದು ಬಿಡುಗಡೆಯಾದ ಶುಕ್ರವಾರ ಸಂಜೆಯೇ ಗೆಳೆಯ ನೊರ್ಬರ್ಟನ ಮನೆಯಲ್ಲಿ ಪ್ರಾರ್ಥನೆ. ನೊರ್ಬರ್ಟನ ತಾಯಿ ಊರಿನಲ್ಲಿ ತೀರಿಕೊಂಡಿದ್ದರು. ಇಕಾಮಾ, ಅಂದರೆ ಇಲ್ಲಿನ ವಾಸದ ಪರವಾನಗಿ, ನವೀಕರಣಕ್ಕೆ ಕೊಟ್ಟಿದ್ದರಿಂದ ಅವನಿಗೆ ಮಣ್ಣಿಗೆ ಹೋಗಲಾಗಲಿಲ್ಲ. ಹೋಗಲಾರದವರು ಇಲ್ಲಿ ಮಾಡುವುದಿಷ್ಟೇ: ಸಾಲ್ಮಿಯಾದ ಫ್ಲ್ಯಾಟಿನಲ್ಲಿ ಫೋಟೋ ಇಟ್ಟು, ಮೇಣದಬತ್ತಿ ಹಚ್ಚಿ, ಜಪಮಾಲೆ ಹೇಳಿ ಹಾಡುವುದು. ಹಾಡು ಎತ್ತಿಕೊಡುವವನು ಯಾವಾಗಲೂ ಯೂಜಿನ್. ಆ ತಾಯಿ ಮಗನಿಗೆ ಉಪ್ಪಿನಕಾಯಿ ಕಳಿಸುವಾಗಲೆಲ್ಲ ಯೂಜಿನನಿಗೆಂದು ಇನ್ನೊಂದು ಬಾಟಲಿ ಕಟ್ಟಿಕೊಡುತ್ತಿದ್ದರು.

"ಡ್ಯೂಟಿ ಹಾಕಿದ್ದಾರೆ ಮಾರಾಯ, ತಪ್ಪಿಸ್ಲಿಕ್ಕೆ ಆಗುದಿಲ್ಲ," ಎಂದು ಯೂಜಿನ್ ನೊರ್ಬರ್ಟನಿಗೆ ಫೋನಿನಲ್ಲಿ ಹೇಳಿದ. ವಿಮರ್ಶೆಯನ್ನು ಮಾತ್ರ ನಾಳೆ ಹಾಕಿದರಾಯಿತು ಎಂದುಕೊಂಡ. ಅಷ್ಟು ಬುದ್ಧಿ ಇತ್ತು.

ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ ಮುಖ ಇಳಿಯಿತು. ನಾಯಕ ಹಾರುತ್ತಾನೆ, ಬೀಳುತ್ತಾನೆ, ಮತ್ತೆ ಹಾರುತ್ತಾನೆ. ಯಾಕೆಂದು ದೇವರಿಗೇ ಗೊತ್ತು. ಡ್ರ್ಯಾಗನ್ ಬಂದಾಗ ಹಿಂದಿನ ಸಾಲಿನ ಮಗು ನಕ್ಕಿತು. ರಾಜಕುಮಾರಿ ಸಾಯುವಾಗ ಯೂಜಿನನಿಗೆ ಆಕಳಿಕೆ ಬಂತು. ಇದಕ್ಕಾಗಿ ಸುಳ್ಳು ಹೇಳಿದೆನಲ್ಲ ಎಂದು ಆಗ ಅನಿಸಬೇಕಿತ್ತು. ಅನಿಸಿದ್ದು ಮೋಸಹೋದೆನಲ್ಲ ಎಂದು ಮಾತ್ರ. ಹೊರಬಂದವನು ಸಿಟ್ಟಿನಲ್ಲಿ ಎಲ್ಲ ಮರೆತು, ಮಾಲಿನ ಬೆಂಚಿನ ಮೇಲೆ ಕುಳಿತು ಗುಂಪಿಗೆ ಬರೆದ: "ಈಗಷ್ಟೇ ನೋಡಿ ಬಂದೆ. ಯಾರೂ ಹೋಗ್ಬೇಡಿ. ಡ್ರ್ಯಾಗನ್ ಅಲ್ಲ, ಗಾಳಿ ಹೋದ ಬಲೂನು. ನನ್ನ ಶುಕ್ರವಾರ ಹಾಳಾಯ್ತು."

ಯಾರೂ ಉತ್ತರಿಸಲಿಲ್ಲ. ಎಲ್ಲರೂ ಎಲ್ಲಿದ್ದಾರೆಂಬುದು ಆಗ ಹೊಳೆಯಿತು. ಬರೆದದ್ದನ್ನು ಅಳಿಸಿ ಟ್ಯಾಕ್ಸಿ ಹಿಡಿದ. ಪ್ರಾರ್ಥನೆಯ ಹೊತ್ತಿನಲ್ಲಿ ಫೋನು ನೋಡುವವರು ಯಾರು ಎಂದು ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಬಾಗಿಲು ತೆರೆದದ್ದು ನೊರ್ಬರ್ಟನೇ. ಒಳಗೆ ಪ್ರಾರ್ಥನೆ ಮುಗಿದು ಜನ ಊಟಕ್ಕೆ ಕುಳಿತಿದ್ದರು.

"ಡ್ಯೂಟಿಯಿಂದ ಸೀದಾ ಬಂದೆ," ಎಂದ ಯೂಜಿನ್.

ನೊರ್ಬರ್ಟ್ ತಟ್ಟೆ ತಂದುಕೊಟ್ಟ. ಆಮೇಲೆಯೇ ಯೂಜಿನನ ಕಣ್ಣು ಫೋಟೋದ ಕಡೆ ಹೋದದ್ದು. ಅದರ ಪಕ್ಕದಲ್ಲಿ ನೊರ್ಬರ್ಟನ ಫೋನು ಲೋಟಕ್ಕೆ ಒರಗಿ ನಿಂತಿತ್ತು. ಊರಿನ ಮನೆಯವರು ವಿಡಿಯೋ ಕಾಲ್‌ನಲ್ಲಿ ಜೊತೆಗೂಡಿದ್ದರು; ಪ್ರಾರ್ಥನೆಯುದ್ದಕ್ಕೂ ನೊರ್ಬರ್ಟ್ ಆ ಫೋನನ್ನೇ ನೋಡುತ್ತಿದ್ದ.

"ಕೊನೇ ಹಾಡು ನಿನಗೆ ಅಂತ ಇಟ್ಟಿದ್ದೆ," ಎಂದ ನೊರ್ಬರ್ಟ್, ಬೇರೆಯವರಿಗೆ ಕೇಳದ ಹಾಗೆ. "ಡ್ಯೂಟಿ ಮುಗ್ಸಿ ಓಡಿ ಬರ್ತಿ ಅಂತ ಎಲ್ರನ್ನೂ ಕಾಯ್ಲಿಕ್ಕೆ ಹೇಳಿದ್ದೆ. ಆಗ ಸ್ಕ್ರೀನಿನ ಮೇಲೆ ನಿನ್ನ ಮೆಸೇಜ್ ಬಂತು. ಮತ್ತೆ ನಾನೇ ಹಾಡಿದೆ."

ಯೂಜಿನ್ ತಲೆ ತಗ್ಗಿಸಿದ.

"ಸಿನಿಮಾ ಚೆಂದ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ, ಅಲ್ವಾ?"

ನೊರ್ಬರ್ಟ್ ತಾಯಿ ಕಟ್ಟಿಕೊಟ್ಟಿದ್ದ ಬಾಟಲಿ ತೆರೆದು ತಟ್ಟೆಯ ಅಂಚಿಗೆ ಒಂದು ಚಮಚ ಉಪ್ಪಿನಕಾಯಿ ಬಡಿಸಿದ.

"ತಿನ್ನು. ಇದು ನಿನ್ನ ಪಾಲಿನದ್ದು. ಇನ್ನು ಬರುದಿಲ್ಲ."